ತಾನಾಗಿ ಬದಲಾಗುವ ಗೇರು

ನಮ್ಮ ವಾಚಕರಲ್ಲೊಬ್ಬರು ಈ ತಿಂಗಳು ಕೇಳಿರುವ ಪ್ರಶ್ನೆಯು ಹೊಸ ತೆರನಾದುದು. ಅವರು ಇದೇ ತಿರುಮಣಿಯವರು. ಅವರ ಮಗನು ಬೆಂಗಳೂರಿನಲ್ಲಿ ತಾನಾಗಿ ಗೇರು ಬದಲಿಸಿಕೊಳ್ಳುವ ಕಾರೊಂದನ್ನು ಕೊಂಡಿರುವನು. ಮನೆಮಂದಿಯನ್ನೆಲ್ಲ ಕುಳ್ಳಿರಿಸಿಕೊಂಡು ಮಧುಗಿರಿಯನ್ನು ದಾಟಿ ಮಿಡಿಗೇಶಿಯ ಕಡೆಗೆ ಬರುವಾಗ, ಏರುಗಳಲ್ಲಿ ಆ ಕಾರು ಮೂರನೆಯ ಗೇರಿಗೂ ನಾಲ್ಕನೆಯ ಗೇರಿಗೂ ನಡುವೆ ಓಲಾಡುವುದಂತೆ. ಲಾರಿಯನ್ನು ಹಿಂದೆ ಹಾಕಹೋದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಎಗರುವುದಂತೆ. ಗೇರಿನ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ತಿದ್ದಿ ಬರೆದುಕೊಡುವೆನೆಂದು ಒಂದು ವರ್ಕ್‌ಷಾಪಿನವನು ಹೇಳಿರುವನು. ಬರೆಯಿಸಬಹುದೆ, ಬಾರದೆ?

ಸಂಸ್ಕೃತ ಪಾಠ ಹೇಳಿದ ಮೇಷ್ಟರಿಗೆ ಗೇರಿನ ಗೊಡವೆ ಏಕೆಂದು ಕೆಲವರು ನಕ್ಕಾರು. ಆದರೆ ಇದು ಈಗ ಗೃಹಕೃತ್ಯದ ವಿಷಯವೇ ಆಗಿದೆ. ನಮ್ಮ ಊರಿನ ಸುತ್ತ ಸುಮಾರು 13,000 ಎಕರೆಗಳಲ್ಲಿ ಸೂರ್ಯನ ಬಿಸಿಲಿನಿಂದ 2050 ಮೆಗಾವಾಟ್ ವಿದ್ಯುತ್ತನ್ನು ತೆಗೆಯುವ ಸ್ಥಾವರವು 2018ರಲ್ಲಿ ಆರಂಭವಾದ ಮೇಲೆ, ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳಗಳಲ್ಲಿ ಕಾರುಗಳು ನಿಂತಿರುವುದನ್ನು ನಾವು ನೋಡುತ್ತಿದ್ದೇವೆ. ಆದುದರಿಂದ ಮೊದಲು ಆ ಯಂತ್ರದ ಸ್ವರೂಪವನ್ನು ತಿಳಿಯೋಣ.

ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ, ಎಣ್ಣೆಯಲ್ಲಿ ಮುಳುಗಿದ ಎರಡು ರೆಕ್ಕೆಯ ಚಕ್ರಗಳು ಎದುರುಬದುರಾಗಿರುವುವು. ಒಂದು ಎಣ್ಣೆಯನ್ನು ತಳ್ಳುವುದು. ಆ ತಳ್ಳಿಗೆ ಇನ್ನೊಂದು ತಿರುಗುವುದು. ಈ ಯುಕ್ತಿಯನ್ನು ಜರ್ಮನಿಯ ಫೋಟಿಂಗರ್ ಎಂಬ ವಿದ್ವಾಂಸನು 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದನು. ಅದರ ಹಿಂದೆ ಹಲ್ಲಿನ ಚಕ್ರಗಳ ಒಂದು ಸಮೂಹವಿದೆ: ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಅವೆಲ್ಲವನ್ನೂ ಬಳಸಿದ ಹೊರಬಳೆ. ಈ ಹೆಸರುಗಳನ್ನಿಟ್ಟವರು ಯೂರೋಪಿನವರೇ. ಜ್ಯೋತಿಷ ಬಲ್ಲ ನಮಗೆ ಅದು ಬಹಳ ಹಿಡಿಸಿತು. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೆ ಒಂದು ಗೇರು, ಮತ್ತೊಂದನ್ನು ನಿಲ್ಲಿಸಿದರೆ ಮತ್ತೊಂದು ಗೇರು. ಹಿಡಿಯುವ ಕೆಲಸ ಕ್ಲಚ್ಚಿನ ತಟ್ಟೆಗಳದು. ತಟ್ಟೆಗಳನ್ನು ಒತ್ತುವ ಕೆಲಸ ಎಣ್ಣೆಯದು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು 1939ರಲ್ಲಿಯೇ ಇಂಥ ಪೆಟ್ಟಿಗೆಯನ್ನು ಕಾರುಗಳಲ್ಲಿಟ್ಟು ಮಾರಿದರು. ನಮ್ಮ ಸೀಮೆಯವರಲ್ಲಿ ಅನೇಕರು ತಿಳಿಯದೆಯೇ ಇದರ ಸುಖವನ್ನು ಮೊದಲು ಕಂಡುದು, 2006ರ ಸುಮಾರಿಗೆ ಬೆಂಗಳೂರಿನಲ್ಲಿ ಓಡಲಾರಂಭಿಸಿದ ವೋಲ್ವೊ ನಗರ ಬಸ್ಸುಗಳಲ್ಲಿ.

ಗೇರನ್ನು ಯಾವಾಗ ಬದಲಿಸಬೇಕೆಂಬುದನ್ನು ಹಿಂದೆ ಎಣ್ಣೆಯ ಒತ್ತಡವೇ ನಿರ್ಣಯಿಸುತ್ತಿತ್ತು; ಈಗ ಕಂಪ್ಯೂಟರು ನಿರ್ಣಯಿಸುವುದು. ಅದರ ನೆನಪಿನಲ್ಲಿ ನಮ್ಮ ಪಂಚಾಂಗದಲ್ಲಿರುವಂತಹ ಕೋಷ್ಟಕವೊಂದಿದೆ. ಒಂದು ಕಡೆ ಕಾರಿನ ವೇಗ. ಇನ್ನೊಂದು ಕಡೆ, ಚಾಲಕನು ಆಕ್ಸಿಲರೇಟರನ್ನು ಎಷ್ಟು ತುಳಿದಿರುವನೆಂಬುದು. ಎರಡೂ ಸಂಧಿಸಿದೆಡೆಯಲ್ಲಿ ಗೇರು ಬರೆದಿರುವುದು. ಮೇಲಿನ ಗೇರಿಗೆ ಹೋಗುವ ವೇಗವೂ ಕೆಳಗಿನ ಗೇರಿಗೆ ಇಳಿಯುವ ವೇಗವೂ ಒಂದೇ ಆಗಿರವು. ಉದಾಹರಣೆಗೆ, ಹತ್ತುವುದು ಗಂಟೆಗೆ 45 ಕಿಲೋಮೀಟರಿನಲ್ಲಾದರೆ ಇಳಿಯುವುದು 35ರಲ್ಲಿ. ಈ ಅಂತರವನ್ನು ಬೇಕೆಂದೇ ಇಟ್ಟಿರುವರು. ಅದಿಲ್ಲದಿದ್ದರೆ ಗೇರು ಹೊಸ್ತಿಲ ಮೇಲಿನ ಕೂಸಿನಂತೆ ಒಳಗೂ ಹೊರಗೂ ಆಡುತ್ತಲೇ ಇರುವುದು.

ಮಿಡಿಗೇಶಿಯ ದಾರಿಯಲ್ಲಿ ಆಗುವುದೂ ಇದೇ. ಏರಿನಲ್ಲಿ ವೇಗ ಕುಗ್ಗುವುದು; ಚಾಲಕನು ಹೆಚ್ಚು ತುಳಿಯುವನು; ಮೂರನೆಯ ಗೇರು ಬೀಳುವುದು. ವೇಗ ಬಂದೊಡನೆ ಅವನು ಕಾಲನ್ನು ಸಡಿಲಿಸುವನು. ಕಂಪ್ಯೂಟರು ಪೆಟ್ರೋಲಿನ ಮಿತವ್ಯಯವನ್ನು ನೆನೆದು ನಾಲ್ಕಕ್ಕೆ ಏರಿಸುವುದು. ಮುಂದೆ ಮತ್ತೆ ಅದೇ ಕಥೆ. ಇದಕ್ಕೆ ಕೋಷ್ಟಕವನ್ನು ತಿದ್ದಿಸುವ ಅಗತ್ಯವೇ ಇಲ್ಲ. ಅನೇಕ ಕಾರುಗಳ ಗೇರುಕಡ್ಡಿಯ ಬಳಿ ‘ಎಂ’ ಅಥವಾ ‘ಎಸ್’ ಎಂಬ ಅಕ್ಷರವಿದೆ. ‘ಎಂ’ಗೆ ತಂದು ಮೂರನೆಯ ಗೇರಿನಲ್ಲಿ ಹಿಡಿದರೆ ಓಲಾಟ ನಿಲ್ಲುವುದು. ಲಾರಿಯನ್ನು ಹಿಂದೆ ಹಾಕುವಾಗಲೂ, ಎದುರಿನ ರಸ್ತೆ ಖಾಲಿಯಾಗುವುದಕ್ಕೆ ಮೊದಲೇ ಹೀಗೆ ಕೆಳಗಿನ ಗೇರಿಗೆ ತಂದುಕೊಳ್ಳಬೇಕು. ಬಲದಿಕ್ಕಿಗೆ ಹೊರಳಿದ ಮೇಲೆ ತುಳಿದು ಗೇರಿಗಾಗಿ ಕಾಯುವುದು ಪ್ರಾಣಕ್ಕೆ ಅಪಾಯ. ಆ ಒಂದು ಕ್ಷಣದಲ್ಲಿ ಎದುರಿನ ಬಸ್ಸು ಎಷ್ಟು ದೂರ ಬಂದಿರುವುದೆಂದು ಲೆಕ್ಕ ಹಾಕಿ: 60 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗಿಂತ ಹೆಚ್ಚು ಬರುವುದು.

ಇನ್ನು ಒತ್ತಡದ ಮಾತು. ಗೇರು ಬದಲಾದುದೇ ತಿಳಿಯಬಾರದು, ಬೆಣ್ಣೆಯಂತಿರಬೇಕು ಎಂದು ನಮ್ಮ ಮನೆಗಳಲ್ಲಿ ಹೊಗಳುವುದುಂಟು. ಆ ನಯವು ಬರುವುದು ತಟ್ಟೆಗಳು ಸ್ವಲ್ಪ ಹೊತ್ತು ಜಾರುವುದರಿಂದ. ಜಾರಿದಷ್ಟೂ ಕಾವು, ಕಾವಿನಿಂದ ತಟ್ಟೆಗೂ ಎಣ್ಣೆಗೂ ಸವೆತ. ಒತ್ತಡವನ್ನು ಹೆಚ್ಚಿಸಿದರೆ ತಟ್ಟೆಗಳು ಬೇಗ ಹಿಡಿಯುವುವು, ಆದರೆ ಧಕ್ಕೆ ತಿಳಿಯುವುದು, ಹಲ್ಲುಗಳಿಗೂ ಅಚ್ಚುಗಳಿಗೂ ಪೆಟ್ಟು ಬೀಳುವುದು. ತಯಾರಕರು ಬಿಸಿಲಿನಲ್ಲಿಯೂ ಚಳಿಯಲ್ಲಿಯೂ ಓಡಿಸಿ ನೋಡಿ ಇವೆರಡರ ನಡುವೆ ಒಂದು ಹದವನ್ನು ಗೊತ್ತುಮಾಡಿರುವರು. ಆ ಹದವು ಎಲ್ಲ ಚಾಲಕರಿಗೂ ಸೇರಿಸಿ ಮಾಡಿದ ಅಡಿಗೆ. ಒಬ್ಬೊಬ್ಬರ ನಾಲಗೆಗೆ ಉಪ್ಪು ಕಡಮೆ ಎನ್ನಿಸಬಹುದು. ಆದುದರಿಂದಲೇ ತಿದ್ದುವವರಿಗೆ ಗಿರಾಕಿ ಸಿಕ್ಕುವರು. ತಿದ್ದುವುದೇ ಪಾಪವೆಂದು ನಾವು ಹೇಳುವುದಿಲ್ಲ. ಹೆಚ್ಚು ಭಾರವನ್ನು ಎಳೆಯುವ ಬಂಡಿಗಳಿಗೆ ಬಲ್ಲವರು ಒತ್ತಡವನ್ನೂ ಬದಲಾವಣೆಯ ವೇಗವನ್ನೂ ಹೊಂದಿಸುವುದು ನ್ಯಾಯವೇ.

ಆದರೆ ನೂರಕ್ಕೆ ತೊಂಬತ್ತು ಮನೆಗಳಿಗೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ ಎಂದು ನಮ್ಮ ಎಣಿಕೆ. ಗೇರುಪೆಟ್ಟಿಗೆಯ ಎಣ್ಣೆಯನ್ನು ನೋಡಿಸಿ. ಅದು ಕಾರಿನ ಆಯುಸ್ಸಿನಷ್ಟು ಬಾಳುವುದೆಂದು ಕೆಲವರು ಹೇಳುವರು. ಆದರೆ ಪೆಟ್ಟಿಗೆಗಳನ್ನೇ ತಯಾರಿಸುವ ಜರ್ಮನಿಯ ಝೆಡ್‌ಎಫ್ ಕಂಪನಿಯು ತನ್ನ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೆ 8 ವರ್ಷಕ್ಕೆ, ಎಣ್ಣೆಯನ್ನು ಬದಲಿಸಬೇಕೆನ್ನುವುದು. ಎಣ್ಣೆ ಹಳತಾದ ಪೆಟ್ಟಿಗೆಯ ಕೋಷ್ಟಕವನ್ನು ತಿದ್ದುವುದು, ಕನ್ನಡಕದ ಧೂಳನ್ನು ಒರೆಸದೆ ಪುಸ್ತಕದ ಅಕ್ಷರವನ್ನು ದೂರಿದಂತೆ. ಎರಡನೆಯದಾಗಿ, ಈಗಿನ ಕಂಪ್ಯೂಟರು ತಟ್ಟೆಗಳು ಸವೆದಂತೆ ಒತ್ತಡವನ್ನು ತಾನೇ ಸರಿಪಡಿಸಿಕೊಂಡು ಕಲಿಯುವುದು. ರಿಪೇರಿಯಲ್ಲಿ ಆ ಕಲಿಕೆಯನ್ನು ಅಳಿಸಿದ್ದರೆ ಕೆಲವು ದಿನ ಕಾರು ಒರಟಾಗಿ ನಡೆಯುವುದು; ಹೊಸ ಪಾಠವಾದೊಡನೆ ಸರಿಹೋಗುವುದು. ತಯಾರಕರೇ ಹೊರಡಿಸಿದ ಹೊಸ ಲೆಕ್ಕವಿದ್ದರೆ ಅದನ್ನು ಅವರ ಸರ್ವಿಸ್ ಸ್ಟೇಷನ್ನಿನಲ್ಲಿಯೇ ಹಾಕಿಸಬಹುದು.

ಇಷ್ಟಾದರೂ ತೃಪ್ತಿಯಿಲ್ಲದಿದ್ದರೆ ತಿದ್ದುವವನನ್ನು ಕೇಳಿ: ಬದಲಿಸುವುದು ವೇಗದ ಕೋಷ್ಟಕವನ್ನೋ, ಎಣ್ಣೆಯ ಒತ್ತಡವನ್ನೋ, ಎಂಜಿನ್ನಿನ ಬಲದ ಮಿತಿಯನ್ನೋ? ಹಳೆಯ ಲೆಕ್ಕದ ಪ್ರತಿಯನ್ನು ನನಗೆ ಕೊಡುವೆಯಾ? ಓಡಿಸಿ ನೋಡುವಾಗ ಎಣ್ಣೆಯ ಕಾವನ್ನು ಅಳೆಯುವೆಯಾ? “ಪಿಕಪ್ ಚೆನ್ನಾಗುತ್ತೆ ಸ್ವಾಮಿ” ಎಂಬುದಷ್ಟೇ ಉತ್ತರವಾದರೆ ಕೀಲಿಕೈಯನ್ನು ತೆಗೆದುಕೊಂಡು ಮನೆಗೆ ಬನ್ನಿ. ಎಂಜಿನ್ನಿನ ಬಲವನ್ನು ಮಾತ್ರ ಹೆಚ್ಚಿಸಿ ಗೇರಿನ ಲೆಕ್ಕವನ್ನು ಹಾಗೆಯೇ ಬಿಡುವುದು ಎಲ್ಲಕ್ಕಿಂತ ಕೆಟ್ಟದು. ಆ ಹೆಚ್ಚಿನ ಬಲವನ್ನು ಹಳೆಯ ಒತ್ತಡ ಹಿಡಿಯಲಾರದೆ ತಟ್ಟೆಗಳು ಸುಡುವುವು. ಗ್ಯಾರಂಟಿಯ ಅವಧಿಯೊಳಗಿನ ಕಾರಾದರೆ ಕಂಪನಿಯವರು ಆ ಖರ್ಚಿಗೆ ಕೈಯೆತ್ತಿಬಿಡುವ ಸಂಭವವೂ ಉಂಟು.

ಇದುವರೆಗೆ ಹೇಳಿದುದು ಎಣ್ಣೆಚಕ್ರದ ಪೆಟ್ಟಿಗೆಗೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಬಂದ ಅಗ್ಗದ ಬಗೆಯಲ್ಲಿ ಇರುವುದು ಹಳೆಯ ಗೇರುಪೆಟ್ಟಿಗೆಯೂ ಹಳೆಯ ಒಣ ಕ್ಲಚ್ಚುಮೇ. ತುಳಿಯುವ ಕಾಲು ಮಾತ್ರ ಯಂತ್ರದ್ದು. ಏರಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ ಕೆಲವರು ಬ್ರೇಕು ಹಾಕದೆ, ಆಕ್ಸಿಲರೇಟರನ್ನೇ ಮೆಲ್ಲಗೆ ತುಳಿದು ಕಾರನ್ನು ಹಿಂದೆ ಜಾರದಂತೆ ನಿಲ್ಲಿಸುವರು. ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ಉರಿಯುತ್ತಿರುವುದು ಅವರಿಗೆ ತಿಳಿಯುವುದು ವಾಸನೆ ಬಂದಾಗಲೇ. ಅಲ್ಲಿ ಬ್ರೇಕನ್ನೇ ಹಿಡಿಯಬೇಕು.

ದೇವರಾಯನದುರ್ಗದ ದರ್ಶನ ಮುಗಿಸಿ ಇಳಿಯುವವರಿಗೂ ಒಂದು ಮಾತು. ‘ಡಿ’ಯಲ್ಲಿ ಬಿಟ್ಟರೆ, ಇಳಿಜಾರಿನಲ್ಲಿ ಯಾರೂ ತುಳಿಯದ ಕಾರಣ ಎಷ್ಟೋ ಕಾರುಗಳು ಮೇಲಿನ ಗೇರಿಗೇ ಹೋಗುವುವು, ಎಂಜಿನ್ನಿನ ತಡೆ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು. ಮೇಲೆಯೇ, ಕಾರು ಹೊರಡುವ ಮುನ್ನ, ‘ಎಲ್’ಗೋ ಎರಡನೆಯ ಗೇರಿಗೋ ತಂದು ಇಳಿಯಿರಿ. ಎಂಜಿನ್ನಿನ ಸದ್ದು ಹೆಚ್ಚಿತೆಂದು ಹಿಂದೆ ಕುಳಿತ ಹಿರಿಯರು ಗಾಬರಿಪಟ್ಟರೆ, ಅದು ಕಾರನ್ನು ಹಿಡಿದಿರುವ ಸದ್ದೆಂದು ತಿಳಿಯಹೇಳಿ ಹಾಗೆಯೇ ಕೆಳಗಿನವರೆಗೆ ಬನ್ನಿ.