ಟಾರ್ಚು ಐದಿದೆ, ಬೆಳಕು ಎಷ್ಟಿದೆ?

ಟಾರ್ಚ್ ಕೂಡಿಡೋ ಹುಚ್ಚಿರೋ ನಾವೆಲ್ಲ ಒಂದು ಕಡೆ ಸೇರಿದ್ರೆ ಮಾತೆಲ್ಲ ಲ್ಯೂಮೆನ್ ಬಗ್ಗೇನೇ. ಇದು ಸಾವಿರ ಲ್ಯೂಮೆನ್, ಅದು ಇನ್ನೂರು ಮೀಟರ್ ದೂರ ಹೊಡೆಯುತ್ತೆ... ಒಳಗಿರೋ ಸೆಲ್ಲಿನ ಯೋಗಕ್ಷೇಮ ಮಾತ್ರ ಯಾರೂ ವಿಚಾರಿಸಲ್ಲ! ಆರನೇ ಟಾರ್ಚ್ ಕೊಳ್ಳೋ ಮೊದಲು ಇರೋ ಐದರ ಬ್ಯಾಟರಿ ನೋಡಿಕೊಳ್ಳಿ ಅನ್ನೋದು ನನ್ನ ವಾದ.

ಇದೇನು ಮಹಾ ವಿಷಯ ಅಂತೀರಾ? 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ನಮ್ಮ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ, ಜನರನ್ನ ದೋಣಿಯಲ್ಲಿ ಹೊರಗೆ ತರಬೇಕಾಯ್ತು. ಅಂಥ ಹೊತ್ತಲ್ಲಿ ಕರೆಂಟ್ ತೆಗೆಯಲೇಬೇಕು. ಜನರೇಟರ್ ಬೇಸ್‌ಮೆಂಟಿನಲ್ಲಿದ್ರೆ ಅದೂ ಮುಳುಗುತ್ತೆ. ಮೊಬೈಲಲ್ಲೇ ಟಾರ್ಚ್ ಇದ್ಯಲ್ಲ ಅಂದ್ರೆ, ಆ ರಾತ್ರಿ ಮೊಬೈಲ್ ಚಾರ್ಜ್ ಬೇಕಾಗೋದು ಫೋನ್ ಮಾಡೋಕೆ ಸ್ವಾಮಿ.

ತೊಂದರೆ ಏನಂದ್ರೆ, ನಾವು ಎಲ್ಲಾ ಬ್ಯಾಟರಿಗೂ ಒಂದೇ ಮದ್ದು ಅರೆಯುತ್ತೀವಿ. ಹಳೇ ಎಮರ್ಜೆನ್ಸಿ ಲ್ಯಾಂಪಿನ ಸೀಸ-ಆಮ್ಲದ ಬ್ಯಾಟರಿಗೆ ಯಾವಾಗಲೂ ಹೊಟ್ಟೆ ತುಂಬಿರಬೇಕು. ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಚಾರ್ಜೇ ಹಿಡಿಯಲ್ಲ. ಲಿಥಿಯಂನ 18650 ಸೆಲ್ಲಿನದು (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಉಲ್ಟಾ ಸ್ವಭಾವ. 4.2 ವೋಲ್ಟ್ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ, ಅದರಲ್ಲೂ ಬಿಸಿಲಿಗೆ ನಿಂತ ಕಾರಿನೊಳಗೆ ಇಟ್ಟರೆ, ಬೇಗ ಮುಪ್ಪು. ಸುಮ್ಮನೆ ಮಲಗೋ ಸೆಲ್ಲಿಗೆ ಅರ್ಧ ಚಾರ್ಜ್ ಸಾಕು. ಇನ್ನು ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ ಹಳೇದಾದ್ರೆ ಇಟ್ಟಲ್ಲೇ ಚಾರ್ಜ್ ಸೋರುತ್ತೆ. 2005ರಲ್ಲಿ ಸಾನ್ಯೋದವರು ಎನೆಲೂಪ್ ತಂದರು. ಆ ಬಗೆಯ ಸೆಲ್ ವರ್ಷ ಕಳೆದ್ರೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತೆ. ಆದ್ರೆ ಹಳೇದು ಹೊಸದು ಜೋಡಿಸಬೇಡಿ. ದುರ್ಬಲ ಸೆಲ್ ಮೊದಲು ಖಾಲಿಯಾಗಿ, ಉಳಿದವು ಅದನ್ನ ಉಲ್ಟಾ ಚಾರ್ಜ್ ಮಾಡಿ ಕೊಲ್ಲುತ್ತವೆ.

ಲಿಥಿಯಂ ಅರ್ಧ ಮಾತ್ರ ತುಂಬಿಸಿದ್ರೆ ಕತ್ತಲಲ್ಲಿ ಏನು ಗತಿ? ಅದಕ್ಕೇ ಪಾಳಿ ಪದ್ಧತಿ. ಒಂದು ಟಾರ್ಚ್ ಡ್ಯೂಟಿಯಲ್ಲಿ, ಪೂರ್ತಿ ಚಾರ್ಜ್, ಬಾಗಿಲ ಪಕ್ಕ. ಮಿಕ್ಕವು ರಜೆಯಲ್ಲಿ, ಅರ್ಧ ಚಾರ್ಜ್. ಪ್ರತಿ ತಿಂಗಳ ಒಂದನೇ ತಾರೀಖು ಹತ್ತು ನಿಮಿಷ ಉರಿಸಿ ನೋಡಿ, ಡ್ಯೂಟಿ ಬದಲಾಯಿಸಿ. ಸಾಫ್ಟ್‌ವೇರ್‌ನವರಿಗೆ ಬೇರೆ ಹೇಳಬೇಕಾ? ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇನ್ನೊಂದು ಮಾತು. ಬ್ಯಾಟರಿ ಬಿಚ್ಚೋಕೆ ಬಾರದ ಟಾರ್ಚ್ ಎಷ್ಟೇ ಅಗ್ಗವಾಗಿದ್ರೂ ನನಗೆ ಬೇಡ. ಎಲ್‌ಇಡಿ ಇನ್ನೂ ಗಟ್ಟಿಮುಟ್ಟಾಗಿರುವಾಗ್ಲೇ ಸೆಲ್ ಸತ್ತು ಇಡೀ ಟಾರ್ಚ್ ಕಸವಾಗುತ್ತೆ. ಆ ಕಸವಾದರೂ ಎಲ್ಲಿಗೆ? 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲಕ್ಕೆ ಮಾತ್ರ ಇದ್ದವು; 2022ರ ಹೊಸ ನಿಯಮಗಳಲ್ಲಿ ಎಲ್ಲಾ ಬಗೆಯ ಬ್ಯಾಟರಿಯೂ ಬಂದಿದೆ, ವಾಪಸ್ ಪಡೆಯೋ ಹೊಣೆ ತಯಾರಕರದ್ದು. ನಿಯಮ ಇರಲಿ, ಊದಿಕೊಂಡ ಸೆಲ್ಲನ್ನ ಮನೆ ಕಸದ ಜತೆ ಹಾಕೋರು ನಾವೇ ತಾನೆ? ಗಾಡಿಯಲ್ಲಿ ಅದು ಜಜ್ಜಿ ಹೊತ್ತಿಕೊಂಡ್ರೆ ಸುಡೋದು ಪೌರಕಾರ್ಮಿಕರ ಕೈ. ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಿ.

ಸರಿ, ಈಗ ಎದ್ದು ನಿಮ್ಮ ಮನೆ ಟಾರ್ಚ್ ಒತ್ತಿ ನೋಡ್ತೀರಾ? ಹತ್ತಿತೋ ಇಲ್ವೋ, ಹೇಳಿ ಮತ್ತೆ!