ಹೆಸರಿನ ಬಾಡಿಗೆ

ಕೈಯಲ್ಲಿ ನಾಲ್ಕು ದುಡ್ಡು ಕೂಡಿದ ಗೃಹಸ್ಥನು ಅದನ್ನು ಎಲ್ಲಿ ತೊಡಗಿಸಬೇಕೆಂದು ವಿಚಾರಿಸುವದು ಲೋಕರೂಢಿ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಗೆ ಹಿಂದೆ ಈ ವಿಚಾರಕ್ಕೆ ಮೂರೇ ಉತ್ತರಗಳಿದ್ದವು: ಹೊಲ, ಬಂಗಾರ, ಅಡತಿಯ ಅಂಗಡಿ. ಈಗ ಅವುಗಳ ಸಾಲಿಗೆ ನಾಲ್ಕನೆಯದೊಂದು ಬಂದು ನಿಂತಿದೆ. ಹೆಸರಾಂತ ಕಂಪನಿಯೊಂದರ ಫಲಕವನ್ನು ಬಾಡಿಗೆಗೆ ತಂದು, ಬರ್ಗರ್, ಪಿಜ್ಜಾ, ಹುರಿದ ಕೋಳಿಗಳ ಉಪಾಹಾರಗೃಹವನ್ನು ತೆರೆಯುವದೇ ಅದು. ಇದಕ್ಕೆ ಫ್ರಾಂಚೈಸಿ ಎಂದು ಹೆಸರು. ನಿವೃತ್ತರಾದ ನೌಕರರು ತಮ್ಮ ಉಪದಾನದ ಹಣವನ್ನೂ, ರೈತರು ಹೊಲ ಮಾರಿದ ಹಣವನ್ನೂ ಇದರಲ್ಲಿ ಹಾಕಬಹುದೇ ಎಂಬ ಪ್ರಶ್ನೆಯು ಉಪೇಕ್ಷಿಸತಕ್ಕದ್ದಲ್ಲ. ಅದು ಒಂದು ಮನೆತನದ ಜೀವಮಾನದ ಗಳಿಕೆಯ ಪ್ರಶ್ನೆ.

ಈ ಪದ್ಧತಿಯ ಹುಟ್ಟನ್ನು ಮೊದಲು ನೋಡುವದು ಯುಕ್ತ. ರೇ ಕ್ರಾಕ್ ಎಂಬ ಅಮೇರಿಕದ ವ್ಯಾಪಾರಿಯು 1955ರಲ್ಲಿ ಮ್ಯಾಕ್‌ಡೊನಾಲ್ಡ್ ಬಂಧುಗಳ ಉಪಾಹಾರಗೃಹದ ಹೆಸರನ್ನೂ ಕ್ರಮವನ್ನೂ ಊರೂರಿಗೆ ಹಂಚತೊಡಗಿದನು. ಆದರೆ ಆ ಸಂಸ್ಥೆಯು ನಿಜವಾಗಿ ಬಲಿತದ್ದು, ಅಂಗಡಿಯ ನೆಲವನ್ನು ತಾನೇ ಹಿಡಿದು, ಅಂಗಡಿಕಾರನಿಂದ ಬಾಡಿಗೆ ಎತ್ತತೊಡಗಿದ ಮೇಲೆ. ತಿಂಡಿಯನ್ನು ಬೇಯಿಸಿದವನಿಗಿಂತ ಹೆಸರನ್ನೂ ನೆಲವನ್ನೂ ಹಿಡಿದವನಿಗೆ ಲಾಭವು ಸುಭದ್ರವಾಯಿತು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮುಂದಿನದೆಲ್ಲವೂ ತಾನಾಗಿ ತಿಳಿಯುವದು.

ನಮ್ಮ ನಾಡಿಗೆ ಈ ಅಂಗಡಿಗಳು ಹೊಸವಲ್ಲ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆಯಿತು. ಮರುವರ್ಷದ ಜನವರಿಯಲ್ಲಿ ರೈತಸಂಘದವರು ಅದರ ಮೇಲೆ ದಾಳಿ ಮಾಡಿದ್ದನ್ನು ಹಿರಿಯ ವಾಚಕರು ಮರೆತಿರಲಾರರು. 1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಂದಿತು, ಡೊಮಿನೋಸ್ ಬಂದಿತು. ಅಂದಿನ ವಾದವು ಪರದೇಶದ ಬಂಡವಾಳವನ್ನು ಕುರಿತಾಗಿತ್ತು. ಇಂದು ನಾವು ಕೇಳುವ ಪ್ರಶ್ನೆಯು ಬೇರೆ: ನಮ್ಮ ಊರಿನ ಬಂಡವಾಳಕ್ಕೆ ಇದರಲ್ಲಿ ಕ್ಷೇಮವುಂಟೇ?

ಮೊದಲನೆಯದಾಗಿ ಒಂದು ಭ್ರಮೆಯನ್ನು ಕಳೆಯಬೇಕು. ಅತ್ಯಂತ ದೊಡ್ಡ ಹೆಸರುಗಳು ಸಾಮಾನ್ಯನಾದ ಹೂಡಿಕೆದಾರನಿಗೆ ದೊರೆಯುವಂಥವಲ್ಲ. ದಕ್ಷಿಣ ಮತ್ತು ಪಶ್ಚಿಮ ಭಾರತದ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳನ್ನು ವೆಸ್ಟ್‌ಲೈಫ್ ಸಮೂಹವೂ, ಡೊಮಿನೋಸ್ ಅಂಗಡಿಗಳನ್ನು ಜುಬಿಲಂಟ್ ಫುಡ್‌ವರ್ಕ್ಸ್ ಕಂಪನಿಯೂ ತಾವೇ ನಡೆಸುತ್ತವೆ. ಬಿಡಿ ಅಂಗಡಿಗಳನ್ನು ಊರಿನವರಿಗೆ ಹಂಚಿಕೊಡುವದಿಲ್ಲ. ಆದರೂ ಈ ಹೆಸರುಗಳನ್ನು ಹೇಳಿ, ಕಳ್ಳ ಜಾಲತಾಣಗಳ ಮೂಲಕ ನೋಂದಣಿಯ ಶುಲ್ಕವೆಂದು ಲಕ್ಷಗಟ್ಟಲೆ ಹಣವನ್ನು ಕಸಿದ ಮೋಸಗಳು ದೇಶದಲ್ಲಿ ನಡೆದಿವೆ. ಮೊಬೈಲಿನಲ್ಲಿ ಬಂದ ಪತ್ರವನ್ನು ನಂಬಿ ಹಣ ಕಳಿಸುವವನು ಅಂಗಡಿಯನ್ನು ತೆರೆಯುವ ಮೊದಲೇ ಮುಚ್ಚಿದಂತಾಯಿತು. ನಮ್ಮ ಊರುಗಳವರೆಗೆ ಬರತಕ್ಕವು ಬಹುಮಟ್ಟಿಗೆ ಎರಡನೆಯ, ಮೂರನೆಯ ದರ್ಜೆಯ ಹೆಸರುಗಳು. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಗಿರಾಕಿಯನ್ನು ತಾನಾಗಿ ಎಳೆದು ತರುವ ಬಲವು ಅವಕ್ಕೆಲ್ಲ ಇರುವದಿಲ್ಲ. ಆ ಬಲವಿಲ್ಲದ ಹೆಸರಿಗೆ ಬಾಡಿಗೆ ಏತಕ್ಕೆ?

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬನು 30 ಲಕ್ಷ ರೂಪಾಯಿ ಹೂಡಿದನೆಂದೂ, ತಲೆಗೆ 150 ರೂಪಾಯಿಯಂತೆ ದಿನಕ್ಕೆ 100 ಗಿರಾಕಿಗಳು ಬಂದರೆಂದೂ ಇಟ್ಟುಕೊಳ್ಳೋಣ. ತೆರಿಗೆಯನ್ನು ಬಿಟ್ಟು ತಿಂಗಳ ವ್ಯಾಪಾರ 4,50,000 ರೂಪಾಯಿ. ಇದರಲ್ಲಿ ನೂರಕ್ಕೆ 40ರಂತೆ ಸಾಮಗ್ರಿಗೆ 1,80,000. ನೂರಕ್ಕೆ 6ರಂತೆ ರಾಜಧನ, 3ರಂತೆ ಜಾಹೀರಾತಿನ ವಂತಿಗೆ, ಕೂಡಿ 40,500. ಈ ಹಣದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 7,290. ನೂರಕ್ಕೆ 5ರ ತೆರಿಗೆಯ ಕ್ರಮದಲ್ಲಿರುವ ಉಪಾಹಾರಗೃಹಕ್ಕೆ ಈ 18ರ ತೆರಿಗೆಯನ್ನು ವಜಾ ಪಡೆಯುವ ಹಕ್ಕಿಲ್ಲವಾದ್ದರಿಂದ ಅದು ಪೂರ್ತಿ ಕೈಬಿಟ್ಟು ಹೋಗುವ ಹಣ. ಕಟ್ಟಡದ ಬಾಡಿಗೆ 40,000, ಎಂಟು ಮಂದಿಯ ಸಂಬಳ 1,04,000, ವಿದ್ಯುತ್ತು ಮತ್ತು ಗ್ಯಾಸು 35,000, ದುರಸ್ತಿ, ಕಟ್ಟುಪೊಟ್ಟಣ, ಹಾಳಾದ ಮಾಲು 20,000. ಎಲ್ಲ ಕಳೆದು ಉಳಿಯುವದು 23,210 ರೂಪಾಯಿ, ವರ್ಷಕ್ಕೆ 2,78,520.

ಹೂಡಿದ ಹಣಕ್ಕೆ ಇದು ನೂರಕ್ಕೆ 9ಕ್ಕಿಂತ ಹೆಚ್ಚಾಯಿತೆಂದು ಹಿಗ್ಗುವವರುಂಟು. ಆದರೆ ಆ 30 ಲಕ್ಷದಲ್ಲಿ 21 ಲಕ್ಷವು ಒಲೆ, ಶೀತಪೆಟ್ಟಿಗೆ, ಪೀಠೋಪಕರಣಗಳಿಗೆ ಹೋಗಿ, ಅವು ಏಳು ವರ್ಷದಲ್ಲಿ ಸವೆದುಹೋದರೆ ವರ್ಷಕ್ಕೆ 3 ಲಕ್ಷದ ಸವೆತವಾಯಿತು. ಹಾಗಾದರೆ ಲಾಭವೆಂದುಕೊಂಡದ್ದು ಲಾಭವಲ್ಲ. ತನ್ನ ಗಂಟನ್ನೇ ಬಿಚ್ಚಿ ತಾನು ತಿಂದದ್ದು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕುಳಿತ ಯಜಮಾನನ ಕೂಲಿಯನ್ನು ಇದರಲ್ಲಿ ಇನ್ನೂ ಹಿಡಿದೇ ಇಲ್ಲ.

ಗಿರಾಕಿಗಳು 100ಕ್ಕೆ ಬದಲು 80 ಆದರೆ ಏನಾಗುವದು? ತಿಂಗಳಿಗೆ 21,232 ರೂಪಾಯಿ ನಷ್ಟ. ಆದರೆ ಅದೇ ತಿಂಗಳಲ್ಲಿ ಹೆಸರಿನ ಒಡೆಯನಿಗೆ 32,400 ರೂಪಾಯಿ ಸಲ್ಲಲೇಬೇಕು. ಯಾಕಂದರೆ ರಾಜಧನವು ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ಒಂದೇ ಅಂಗಡಿಯಲ್ಲಿ ಒಬ್ಬನು ಮುಳುಗುತ್ತಿರುವಾಗ ಇನ್ನೊಬ್ಬನು ಗಳಿಸುತ್ತಿರುವನು. ನ್ಯಾಯವಾಗಿ ಇದನ್ನೂ ಹೇಳಬೇಕು: ಗಿರಾಕಿಗಳು 133ರಷ್ಟಾಗಿ, ದಿನದ ವ್ಯಾಪಾರವು 20,000ಕ್ಕೆ ಏರಿದರೆ ತಿಂಗಳಿಗೆ 97,280 ಉಳಿಯುವದು, ಅದು ಒಳ್ಳೆಯ ಉದ್ಯೋಗವೇ ಸರಿ. ಅಂದಮೇಲೆ ಏಳುಬೀಳುಗಳ ನಡುವಿನ ಅಂತರವು ದಿನಕ್ಕೆ ಐವತ್ತು ಗಿರಾಕಿಗಳು. ಈ ಐವತ್ತು ಜನ ನಮ್ಮ ಊರಿನಲ್ಲಿ ವರ್ಷವಿಡೀ ಇರುವರೇ ಎಂಬುದೇ ಪ್ರಶ್ನೆಯ ತಿರುಳು.

ಯಾದಗಿರಿಯು 2009ರ ಕೊನೆಗೆ ಜಿಲ್ಲೆಯಾಯಿತು. ಕಚೇರಿಗಳು ಬಂದವು, ತಿಂಗಳ ಸಂಬಳದ ಜನ ಹೆಚ್ಚಿದರು. ಮುಂಬಯಿ-ಚೆನ್ನೈ ರೈಲುಮಾರ್ಗವೂ ಇಲ್ಲಿಯೇ ಹಾದಿದೆ. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ 74 ಸಾವಿರದಷ್ಟು. ಶಹಾಪುರ, ಸುರಪುರಗಳಲ್ಲಿ 50 ಸಾವಿರಕ್ಕೆ ತುಸು ಮೇಲೆ. ಶಹಾಪುರಕ್ಕೆ ಬೀದರ-ಶ್ರೀರಂಗಪಟ್ಟಣ ಹೆದ್ದಾರಿಯ ಓಡಾಟದ ಅನುಕೂಲವುಂಟು. ನಾರಾಯಣಪುರದ ಕಾಲುವೆಯ ನೀರು ಉಂಡ ಈ ಎರಡು ತಾಲೂಕುಗಳಲ್ಲಿ ಬತ್ತ, ಹತ್ತಿಗಳ ಹಣವೂ ಓಡಾಡುವದು. ಆದರೆ ಅದು ಸುಗ್ಗಿಯ ಹಣ. ನಾಲ್ಕು ತಿಂಗಳು ಹರಿದು ಎಂಟು ತಿಂಗಳು ಬತ್ತುವಂಥದು. ಕಾಲುವೆಯಿಲ್ಲದ ಹಳ್ಳಿಗಳ ಜನ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವರು. ಶ್ರಾವಣ ಬಂದಿತೆಂದರೆ ಕೋಳಿಯ ಮಾರಾಟವು ಕುಗ್ಗುವದು. ಇತ್ತ ಕಟ್ಟಡದ ಬಾಡಿಗೆಯಾಗಲಿ ನೌಕರರ ಸಂಬಳವಾಗಲಿ ಶ್ರಾವಣವನ್ನು ಪಾಲಿಸುವದಿಲ್ಲ. ಹೆಪ್ಪುಗಟ್ಟಿಸಿದ ಮಾಲು ಹೈದರಾಬಾದ, ಬೆಂಗಳೂರುಗಳಿಂದ ಬರಬೇಕಾದರೆ 40 ಅಂಶವನ್ನು ದಾಟುವ ನಮ್ಮ ಬೇಸಗೆಯಲ್ಲಿ ಸಾಗಾಟದ ವೆಚ್ಚವೂ ಹಾಳಾಗುವ ಮಾಲೂ ಹೆಚ್ಚುವದು ಸಹಜ. ಎದುರಿನ ಗಾಡಿಯಲ್ಲಿ ಸುಸಲಾ-ಮಿರ್ಚಿಯು ಅಲ್ಪ ಬೆಲೆಗೆ ಬಿಸಿಬಿಸಿಯಾಗಿ ಸಿಕ್ಕುತ್ತಿರುವದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಫ್ರಾಂಚೈಸಿಯಿಂದ ಏನೂ ಪ್ರಯೋಜನವಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಅಡಿಗೆಯ ಅನುಭವವಿಲ್ಲದವನಿಗೆ ಅದು ಕ್ರಮವನ್ನು ಕಲಿಸುವದು, ಶುಚಿಯನ್ನು ಕಡ್ಡಾಯ ಮಾಡುವದು, ನೌಕರರಿಗೆ ತರಬೇತಿ ಕೊಡುವದು. ಇವು ಬೆಲೆಯುಳ್ಳ ಗುಣಗಳು. ಆದರೆ ಬೆಲೆ ಎಷ್ಟೆಂದು ಕೇಳುವ ಹಕ್ಕು ಕೊಳ್ಳುವವನಿಗೆ ಉಂಟಷ್ಟೆ! ಅಮೇರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಸರು ಕೊಡುವ ಕಂಪನಿಯು ತನ್ನ ವ್ಯವಹಾರದ ವಿವರವನ್ನು ಬರಹದಲ್ಲಿ ಮುಂಚಿತವಾಗಿ ಕೊಡಲೇಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯೇ ಮೊದಲಾದವುಗಳೇ ಆಧಾರ. ಆದಕಾರಣ ಕರಾರಿನ ಕಾಗದವೇ ಹೂಡಿಕೆದಾರನ ರಕ್ಷೆ, ಅದೇ ಅವನ ಬೇಡಿ. ದೊಡ್ಡವರಿಗೂ ಇದು ತಪ್ಪಿದ್ದಲ್ಲ: ಉತ್ತರ ಮತ್ತು ಪೂರ್ವ ಭಾರತದ ಮ್ಯಾಕ್‌ಡೊನಾಲ್ಡ್ಸ್ ಪಾಲುದಾರ ವಿಕ್ರಮ ಬಕ್ಷಿಯವರಿಗೂ ಮೂಲ ಕಂಪನಿಗೂ 2013ರಲ್ಲಿ ಎದ್ದ ವ್ಯಾಜ್ಯವು ಬಗೆಹರಿಯಲು 2019 ಬರಬೇಕಾಯಿತು. ಅವರಿಗೆ ವಕೀಲರ ಪಡೆಯಿತ್ತು. ಸುರಪುರದ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಏನಿದೆ?

ಆದ್ದರಿಂದ ಸಹಿ ಮಾಡುವ ಮೊದಲು ಕೇಳತಕ್ಕ ಮಾತುಗಳನ್ನು ಕೇಳಿಯೇ ತೀರಬೇಕು. ನಮ್ಮಷ್ಟೇ ಗಾತ್ರದ ಊರುಗಳಲ್ಲಿ ಈ ಹೆಸರಿನ ಎಷ್ಟು ಅಂಗಡಿಗಳಿವೆ, ಎಷ್ಟು ಮುಚ್ಚಿದವು? ಅವುಗಳ ಎರಡು ವರ್ಷದ ಲೆಕ್ಕವನ್ನು ತೋರಿಸುವರೇ? ಮುಚ್ಚಿದವರೊಡನೆ ಮಾತನಾಡಲು ಆಸ್ಪದವುಂಟೇ? ವ್ಯಾಪಾರಚಿಹ್ನೆಯು ಅವರ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ? ಸಾಮಗ್ರಿಯನ್ನು ಅವರಿಂದಲೇ, ಅವರು ಹೇಳಿದ ದರಕ್ಕೇ ಕೊಳ್ಳಬೇಕೇ? ಅದೇ ಊರಿನಲ್ಲಿ ಎರಡನೆಯವನಿಗೆ ಅಂಗಡಿ ಕೊಡುವದಿಲ್ಲವೆಂಬ ಮಾತು ಬರಹದಲ್ಲಿದೆಯೇ? ಕರಾರು ಐದು ವರ್ಷ, ಕಟ್ಟಡದ ಒಪ್ಪಂದ ಒಂಬತ್ತು ವರ್ಷವಾದರೆ ಉಳಿದ ನಾಲ್ಕು ವರ್ಷದ ಗತಿಯೇನು? ವ್ಯಾಜ್ಯ ಬಂದರೆ ನ್ಯಾಯಸ್ಥಾನವು ಯಾದಗಿರಿಯೋ ದಿಲ್ಲಿಯೋ? ಇವಕ್ಕೆ ಬರಹದಲ್ಲಿ ಉತ್ತರ ಕೊಡಲು ಹಿಂಜರಿಯುವ ಕಂಪನಿಯು ಉತ್ತರವನ್ನು ಕೊಟ್ಟೇ ಬಿಟ್ಟಿತೆಂದು ತಿಳಿಯತಕ್ಕದ್ದು.

ಕೊನೆಯದಾಗಿ ಒಂದು ಮಾತು. ಕನ್ನಡಿಗರಿಗೆ ಉಪಾಹಾರದ ಉದ್ಯಮವನ್ನು ಪರರು ಕಲಿಸಬೇಕಾಗಿಲ್ಲ. ಉಡುಪಿಯಿಂದ ಹೊರಟವರು ಮುಂಬಯಿ, ಮದರಾಸುಗಳಲ್ಲಿ ಹೋಟೆಲುಗಳನ್ನು ಕಟ್ಟಿದರು. ಪಾತ್ರೆ ತೊಳೆಯುವ ಕೆಲಸದಿಂದ ಆರಂಭಿಸಿ, ಅಡಿಗೆಯನ್ನೂ ಗಲ್ಲೆಯನ್ನೂ ಕಲಿತು, ಮುಂದೆ ಸ್ವಂತ ಅಂಗಡಿಯನ್ನು ಹಾಕಿದವರು ಅವರಲ್ಲಿ ಅನೇಕರು. ಉಡುಪಿ ಎಂಬ ಹೆಸರಿಗೆ ಅವರು ಯಾರಿಗೂ ರಾಜಧನ ತೆರಲಿಲ್ಲ. ಆ ಹೆಸರಿಗೆ ಮಾನ ತಂದವರೇ ಅವರು. ಜೋಳದ ರೊಟ್ಟಿಯ ಖಾನಾವಳಿಯನ್ನು ಅದೇ ಶುಚಿ, ಅದೇ ಕ್ರಮ, ಅದೇ ಬೆಳಕಿನೊಡನೆ ನಡೆಸಿದರೆ 30 ಲಕ್ಷ ಬೇಕಾಗುವದಿಲ್ಲ. ಗಳಿಸಿದ ಹೆಸರು ಮಕ್ಕಳಿಗೂ ಉಳಿಯುವದು. ಬಾಡಿಗೆಯ ಹೆಸರಿನಿಂದ ವ್ಯಾಪಾರ ಮಾಡಲೇಬೇಕೆಂಬವರು ಮಾಡಲಿ. ಆದರೆ ಕಳೆದುಕೊಂಡರೂ ಮನೆಯ ಒಲೆ ಆರದಷ್ಟೇ ಹಣವನ್ನು ಅದರಲ್ಲಿ ಹಾಕಲಿ. ವೃದ್ಧಾಪ್ಯದ ಆಸರೆಯನ್ನೂ ಪಿತ್ರಾರ್ಜಿತ ಹೊಲವನ್ನೂ ಮತ್ತೊಬ್ಬರ ಫಲಕದ ಕೆಳಗೆ ಒತ್ತೆಯಿಡುವದು ಮಾತ್ರ ವಿವೇಕವಲ್ಲ.