ಕೀಳಲು ಆಗುತ್ತದೆ, ಕಟ್ಟಿಕೊಡಲು ಯಾಕಾಗದು?

ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ತಾಲ್ಲೂಕು ಆಸ್ಪತ್ರೆಗೆ ಹೋದರೆ ಹಲ್ಲು ಕೀಳುತ್ತಾರೆ. ಅದಕ್ಕೆ ಖರ್ಚೂ ಹೆಚ್ಚಿಲ್ಲ. ಕಿತ್ತ ಜಾಗದಲ್ಲಿ ಹಲ್ಲು ಕಟ್ಟಿಸಬೇಕು, ಇಲ್ಲವೇ ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಹಾಕಿಸಬೇಕು ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಹೊರಗಡೆ ಮಾಡಿಸ್ಕೊಳ್ಳಿ.’

ಹೊರಗಡೆ ಏನಿದೆ ಎಂಬುದು ನಮಗೆಲ್ಲ ಗೊತ್ತು. ಒಂದು ಕ್ಯಾಪಿಗೇ ಸಾವಿರಾರು ರೂಪಾಯಿ. ಲೋಹದ್ದಕ್ಕೆ ಒಂದು ದರ, ಸೆರಾಮಿಕ್ಕಿಗೆ ಇನ್ನೊಂದು, ಜಿರ್ಕೋನಿಯಾ ಎಂದರೆ ಮತ್ತೂ ಮೇಲೆ. ಪೂರ್ತಿ ಸೆಟ್ಟಿನ ಮಾತು ಬಂದರೆ ಮನೆಯಲ್ಲಿ ಮಕ್ಕಳ ಮುಖ ನೋಡಬೇಕು. ವೃದ್ಧಾಪ್ಯ ವೇತನವೆಂದು ಕೈಗೆ ಬರುವುದು ತಿಂಗಳಿಗೆ 1,200 ರೂಪಾಯಿ. ದುಡಿದು ನಿವೃತ್ತರಾದವರಿಗೆ ನೌಕರರ ಪಿಂಚಣಿ ಯೋಜನೆಯಡಿ (ಇಪಿಎಸ್) ಸಿಗುವ ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿಗೆ ನಿಂತದ್ದು ಅಲ್ಲಿಂದ ಕದಲಿಲ್ಲ. ಆ ದುಡ್ಡಿನಲ್ಲಿ ಹೊಟ್ಟೆಗೆ ಹಿಟ್ಟೋ, ಬಾಯಿಗೆ ಹಲ್ಲೋ?

ವಿಮೆ ಇದೆಯಲ್ಲ ಎನ್ನುತ್ತೀರಿ. ಅಪಘಾತದಲ್ಲಿ ಹಲ್ಲು ಹೋಗಿ ಆಸ್ಪತ್ರೆ ಸೇರಿದರೆ ಮಾತು ಬೇರೆ. ವಯಸ್ಸಾಗಿ ಹೋದ ಹಲ್ಲಿಗೆ, ಹುಳುಕಾದ ಹಲ್ಲಿಗೆ ಸಾಮಾನ್ಯ ಆರೋಗ್ಯ ವಿಮೆ ಕಾಸು ಬಿಚ್ಚುವುದಿಲ್ಲ. ಹಲ್ಲು ದೇಹದ ಭಾಗವಲ್ಲ, ಶೋಕಿಯ ಸಾಮಾನು ಎಂದು ಯಾರು ತೀರ್ಮಾನಿಸಿದರೋ!

ಸರಿಯಾಗಿ ಉಜ್ಜಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಉಪದೇಶ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಾಲುಹಲ್ಲು ಬಿದ್ದು ಹೊಸದು ಮೂಡುವಾಗಲೇ ಕಂದು ಕಲೆ, ಗುಳಿ. ಆ ನೀರನ್ನು ಅವರು ಬೇಕೆಂದು ಕುಡಿದರೇ?

ದಶಕದ ಹಿಂದೆ ‘ದಂತಭಾಗ್ಯ’ ಬಂತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆ, ಹಾಗೆನ್ನಲು ಸಂಕೋಚವಿಲ್ಲ. ಆದರೆ ಕಾರ್ಡಿಲ್ಲದ ಸಣ್ಣ ಪಿಂಚಣಿದಾರನಿಗೆ ಅದು ದಕ್ಕದು. ಆ ಸೆಟ್ಟು ಕೊಡುವ ದಂತ ಕಾಲೇಜುಗಳು ಹೆಚ್ಚಾಗಿ ಪಟ್ಟಣಗಳಲ್ಲಿವೆ. ಸೆಟ್ಟೆಂದರೆ ಒಂದೇ ದಿನದ ಕೆಲಸವೂ ಅಲ್ಲ: ಅಳತೆ ತೆಗೆಯಬೇಕು, ಕಚ್ಚು ನೋಡಬೇಕು, ಮೇಣದಲ್ಲಿ ಕೂರಿಸಿ ನೋಡಬೇಕು, ಆಮೇಲೆ ಕೊಡಬೇಕು. ಪ್ರತಿ ಸಲ ಬಸ್ಸು, ಜೊತೆಗೊಬ್ಬರು, ಅವರ ಆ ದಿನದ ಕೂಲಿ. ಹಲ್ಲು ಹೋದ ವಸಡಿನ ಮೂಳೆ ವರ್ಷಗಳು ಕಳೆದಂತೆ ಸವೆಯುತ್ತದೆ, ಸೆಟ್ಟು ಸಡಿಲವಾಗಿ ವಸಡಿಗೆ ಉಜ್ಜುತ್ತದೆ, ಕೊನೆಗೆ ಟ್ರಂಕಿನೊಳಗೆ ಸೇರುತ್ತದೆ. ಮತ್ತೆ ಹೊಸದು? ಮತ್ತೆ ಅದೇ ಅಲೆದಾಟ.

ಹಲ್ಲಿಲ್ಲದಿದ್ದರೂ ಮುದ್ದೆಯ ಸೀಮೆಯವರು ನುಂಗಿಕೊಂಡು ಹೇಗೋ ಬದುಕುತ್ತಾರೆ ಬಿಡಿ. ಖಟಕ್ ರೊಟ್ಟಿಯ ಕಡೆಯ ಅಜ್ಜಿ ಸಾರಿನಲ್ಲಿ ನೆನೆಹಾಕಿ ಕಾದು ಕೂರಬೇಕು. ಹಸಿ ತರಕಾರಿ, ಕಾಳು, ಮಾಂಸ ಒಂದೊಂದಾಗಿ ತಟ್ಟೆಯಿಂದ ಜಾರುತ್ತವೆ, ಮೈ ಸೊರಗುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂರಲು ಹಿಂಜರಿಯುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಯಾರೂ ಇದಕ್ಕಾಗಿ ಧರಣಿ ಕೂರುವುದಿಲ್ಲ. ಬೊಚ್ಚುಬಾಯಿ ತೆರೆದು ಘೋಷಣೆ ಕೂಗಲು ಯಾರಿಗೆ ಮನಸ್ಸಾದೀತು? ಆ ನಾಚಿಕೆಯನ್ನೇ ಮೇಲಿನವರು ಒಪ್ಪಿಗೆ ಎಂದು ಓದಿಕೊಂಡಂತಿದೆ.

ಹೊರಗಡೆಯ ದರಕ್ಕೆ ಡಾಕ್ಟರುಗಳನ್ನಷ್ಟೇ ದೂರಿ ಫಲವಿಲ್ಲ. ಕ್ಯಾಪ್ ತಯಾರಾಗುವುದು ಲ್ಯಾಬಿನಲ್ಲಿ, ಅದರ ಬಿಲ್ಲು ಅವರ ಮೇಲೂ ಬೀಳುತ್ತದೆ. ಆದರೆ ದರಪಟ್ಟಿ ಕಣ್ಣಿಗೆ ಬೀಳುವಂತೆ ಹಾಕಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯೇ ಹೇಳುವಾಗ, ಎಷ್ಟು ಕ್ಲಿನಿಕ್ಕಿನ ಗೋಡೆಯಲ್ಲಿ ಅದನ್ನು ಕಂಡಿದ್ದೇವೆ?

ನಾವು ಕೇಳುವುದು ದೊಡ್ಡದೇನಲ್ಲ. ಜಿಲ್ಲೆಗೊಂದು ಸರ್ಕಾರಿ ಹಲ್ಲಿನ ಲ್ಯಾಬ್ ಮಾಡಿ. ಅಳತೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆಯಲಿ, ತಯಾರಿಯ ಖರ್ಚಿಗೇ ಕ್ಯಾಪೂ ಸೆಟ್ಟೂ ಸಿಗಲಿ. ಉಚಿತ ಸೆಟ್ಟಿಗೆ ಕಾರ್ಡಲ್ಲ, ಆದಾಯ ಅಳತೆಯಾಗಲಿ. ಆಗದಿದ್ದರೆ ಆಗುವುದಿಲ್ಲವೆಂದಾದರೂ ಬಾಯಿಬಿಟ್ಟು ಹೇಳಿ.

ಓದುಗರೇ, ಅಲ್ಲಿಯವರೆಗೆ ಕುರ್ಚಿಯಲ್ಲಿ ಒರಗುವ ಮೊದಲೇ ಯಾವ ಕ್ಯಾಪಿಗೆ ಎಷ್ಟೆಂದು ಬರೆಸಿಕೊಳ್ಳಿ. ದರ ಕೇಳುವುದು ನಿಮ್ಮ ಹಕ್ಕು.

ಇಂತಿ,
ಹಲ್ಲು ಕಟ್ಟಿಸಲು ಇನ್ನೂ ದುಡ್ಡು ಕೂಡಿಸುತ್ತಿರುವ ಒಬ್ಬ ಹಿರಿಯ